ಸಮುದಾಯ ಆರ್ಕೆಸ್ಟ್ರಾವೋ, ನಾಲ್ವರ ಕ್ವಾರ್ಟೆಟ್ಟೋ?

ಬಿಡುವಿನ ವೇಳೆಯಲ್ಲಿ ವಯೊಲಿನ್ ನುಡಿಸುವವರು ಸಮುದಾಯ ಆರ್ಕೆಸ್ಟ್ರಾ (ಹವ್ಯಾಸಿಗಳ ದೊಡ್ಡ ವಾದ್ಯವೃಂದ) ಸೇರಬೇಕೇ, ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ವರ ತಂತಿವಾದ್ಯ ತಂಡ) ಕಟ್ಟಿಕೊಳ್ಳಬೇಕೇ ಎಂಬುದು ಅವರ ಅಭ್ಯಾಸದ ಮಟ್ಟವನ್ನು ಅವಲಂಬಿಸಿದೆ. ಆರ್ಕೆಸ್ಟ್ರಾದಲ್ಲಿ ಒಂದು ವಿಭಾಗದ ವಯೊಲಿನ್ ವಾದಕರೆಲ್ಲ ಬಹುತೇಕ ಒಂದೇ ಸ್ವರಲಿಪಿಯನ್ನು ಒಟ್ಟಾಗಿ ನುಡಿಸುವುದರಿಂದ, ಕಠಿಣವಾದ ಸಾಲಿನಲ್ಲಿ ಹಿಂದೆ ಬಿದ್ದವರು ಪಕ್ಕದವರ ಕಮಾನಿನ ಚಲನೆಯನ್ನು ನೋಡಿ ಮತ್ತೆ ಸೇರಿಕೊಳ್ಳಬಹುದು. ಹಾರ್ನ್‌ನಂಥ ಊದುವ ವಾದ್ಯ, ಟಿಂಪನಿಯಂಥ ದೊಡ್ಡ ಡೋಲುಗಳ ನಡುವೆ ಕುಳಿತು ಕೇಳುವ ನಾದದ ವೈಶಾಲ್ಯವಂತೂ ಬೇರೆಲ್ಲೂ ದೊರೆಯದು. 2 ವಯೊಲಿನ್, 1 ವಿಯೋಲಾ (ವಯೊಲಿನ್‌ಗಿಂತ ತುಸು ದೊಡ್ಡದು), 1 ಚೆಲ್ಲೋ (ಇನ್ನೂ ದೊಡ್ಡದು) ಇರುವ ಕ್ವಾರ್ಟೆಟ್‌ನಲ್ಲಿ ಲಯ ತೋರಿಸುವ ನಿರ್ದೇಶಕರಿಲ್ಲ, ಲಯ, ಶ್ರುತಿಗಳನ್ನು ನಾಲ್ವರೇ ಕಾಯಬೇಕು, ಒಬ್ಬರು ಗೈರಾದರೂ ಅಭ್ಯಾಸ ಕುಂಟುತ್ತದೆ. ಹೊಸಬರು ಆರ್ಕೆಸ್ಟ್ರಾದಿಂದಲೇ ಆರಂಭಿಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸೇರುವ ಮುನ್ನ ಆಡಿಷನ್ ಇದೆಯೇ, ಸದಸ್ಯತ್ವ ಶುಲ್ಕವೆಷ್ಟು ಎಂದು ವಿಚಾರಿಸಿಕೊಳ್ಳುವುದು ಒಳಿತು.