ನಾಲ್ಕು ವರ್ಷ ಬಳಸಿದ ಬಿ550 ಮದರ್‌ಬೋರ್ಡ್: ಓವರ್‌ಕ್ಲಾಕ್ ಮಾಡಿ ಬೂಟ್ ನಿಂತಾಗ

ಈ ಬೋರ್ಡಿನಲ್ಲಿ ಸಿಮಾಸ್ (ಬೋರ್ಡಿನ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಮೆಮೊರಿ) ಅಳಿಸುವ ಎರಡು ಪಿನ್‌ಗಳು ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಅವಿತುಕೊಂಡಿವೆ. ನಾಲ್ಕು ವರ್ಷಗಳಲ್ಲಿ ಇದರ ಮೇಲೆ ನನಗೆ ಬಂದ ಸಿಟ್ಟಿಗೆಲ್ಲ ಬಹುಪಾಲು ಆ ಎರಡು ಪಿನ್‌ಗಳೇ ಕಾರಣ. ಧ್ವನಿ, ನೆಟ್‌ವರ್ಕ್, ಯುಎಸ್‌ಬಿ ಯಾವುದೂ ಒಂದು ದಿನವೂ ಕೈಕೊಟ್ಟಿಲ್ಲ, ಹಾಗಾಗಿ ಅವುಗಳ ಮಾತು ಬಿಡುತ್ತೇನೆ. ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚಿಗೆ ಓಡಿಸಲು ಹೋಗಿ ಪರದೆ ಕಪ್ಪಾದಾಗ ಈ ಬೋರ್ಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಕೊಳ್ಳುವ ಮೊದಲು ನಾನು ಹುಡುಕಿದ್ದು ಅದನ್ನೇ, ಎಲ್ಲಿಯೂ ಸಿಕ್ಕಿರಲಿಲ್ಲ.

ನನ್ನದು ಎಎಂ4 ಸಾಕೆಟ್ಟಿನ ರೈಜನ್ 5 5600ಎಕ್ಸ್ ಪ್ರೊಸೆಸರ್, ಜೊತೆಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳು. ರ‍್ಯಾಮಿನ ಮೇಲೆ ಬರೆದಿರುವ ವೇಗ 3600, ವೋಲ್ಟೇಜ್ 1.35. ಮೊದಲ ದಿನ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು, ಪರದೆಯಲ್ಲಿ ಏನೂ ಇಲ್ಲ. ಕೆಟ್ಟೇ ಹೋಯಿತೆಂದು ಗಾಬರಿಯಾಗಿ ಪವರ್ ಬಟನ್ ಒತ್ತಿಬಿಟ್ಟೆ. ಅದು ತಪ್ಪು. ವೇಗ ಬದಲಾದಾಗ ಬೋರ್ಡ್ ರ‍್ಯಾಮಿನೊಂದಿಗೆ ಹೊಸದಾಗಿ ಹೊಂದಿಕೊಳ್ಳಬೇಕು. ಮೆಮೊರಿ ಟ್ರೇನಿಂಗ್ ಎನ್ನುವುದು ಇದನ್ನೇ. ಎರಡು ಮೂರು ಸಲ ತಾನೇ ಆರಿ ಹೊತ್ತಿಕೊಳ್ಳುವುದು ಆ ಕೆಲಸದ ಭಾಗ. ಎರಡನೆಯ ಬಾರಿ ಕೈಕಟ್ಟಿ ಕುಳಿತೆ, ವಿಂಡೋಸ್ ತೆರೆದುಕೊಂಡಿತು. 3600ಕ್ಕೆ ಇದು ನಿಸ್ಸಂಶಯವಾಗಿ ಒಳ್ಳೆಯ ಬೋರ್ಡ್.

ನಿಜವಾದ ಪರೀಕ್ಷೆ 3800ರಲ್ಲಿ ಶುರುವಾಯಿತು. ಈ ಪ್ರೊಸೆಸರ್‌ಗಳಲ್ಲಿ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಒಳಸಂಪರ್ಕ ರ‍್ಯಾಮಿನ ಅರ್ಧ ಸಂಖ್ಯೆಯಲ್ಲಿ ಓಡಿದರೆ ಚೆನ್ನ: 3600ಕ್ಕೆ 1800 ಮೆಗಾಹರ್ಟ್ಸ್, 3800ಕ್ಕೆ 1900. ಸೆಟ್ಟಿಂಗ್ ಉಳಿಸಿ ಹೊರಬಂದರೆ ರ‍್ಯಾಮಿನ ದೀಪ ಹೊತ್ತಿಕೊಂಡು ಹಾಗೆಯೇ ಉಳಿಯಿತು. ಬೋರ್ಡಿನಲ್ಲಿರುವುದು ಸಿಪಿಯು, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳು ಮಾತ್ರ. ಆ ದೀಪವನ್ನು ನಂಬಿ ರ‍್ಯಾಮ್ ಕಿತ್ತು ಒರೆಸಿ ಹಾಕಿದೆ, ಒಂದೊಂದನ್ನೇ ಇಟ್ಟು ನೋಡಿದೆ, ವೋಲ್ಟೇಜ್ 1.4ಕ್ಕೆ ಏರಿಸಿದೆ. ಎರಡು ದಿನ ಹೋಯಿತು. ಕೊನೆಗೆ ಎರಡನ್ನೂ ಬಿಡಿಸಿ ನೋಡುವ ಬುದ್ಧಿ ಬಂತು. ಫ್ಯಾಬ್ರಿಕ್ ಅನ್ನು 1800ರಲ್ಲೇ ಹಿಡಿದಿಟ್ಟು ರ‍್ಯಾಮ್ ಮಾತ್ರ 3800ಕ್ಕೆ ಏರಿಸಿದರೆ ಬೂಟ್ ಆಯಿತು. ರ‍್ಯಾಮ್ 3600ರಲ್ಲಿಟ್ಟು ಫ್ಯಾಬ್ರಿಕ್ ಮಾತ್ರ 1900 ಮಾಡಿದರೆ ಮತ್ತೆ ಕತ್ತಲು. ದೀಪ ತೋರಿಸಿದ್ದು ರ‍್ಯಾಮನ್ನು, ಸೋತಿದ್ದು ಪ್ರೊಸೆಸರ್. ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದೂ ಪ್ರೊಸೆಸರಿನ ಒಳಗೇ ಆದ್ದರಿಂದ, ಆ ದೀಪ ಹೊತ್ತಿದ ಕೂಡಲೇ ಹೊಸ ರ‍್ಯಾಮ್ ಕೊಳ್ಳಲು ಹೊರಡಬೇಡಿ.

ಸೋತಾಗ ಮರಳಿ ಬರುವ ವಿಷಯದಲ್ಲಿ ಈ ಬೋರ್ಡನ್ನು ಅರ್ಧ ಮಾತ್ರ ಮೆಚ್ಚುತ್ತೇನೆ. ಟ್ರೇನಿಂಗ್ ಹಂತದಲ್ಲೇ ಎಡವಿದರೆ ಕೆಲವು ಪ್ರಯತ್ನಗಳ ನಂತರ ಹಳೆಯ ವೇಗಕ್ಕೆ ಇಳಿದು, ಓವರ್‌ಕ್ಲಾಕ್ ವಿಫಲವಾಯಿತೆಂದು ಪರದೆಯಲ್ಲಿ ಹೇಳುತ್ತದೆ. ಟ್ರೇನಿಂಗ್ ದಾಟಿ ಮುಂದೆ ಹೋಗಿ ಹೆಪ್ಪುಗಟ್ಟಿದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ, ಎಷ್ಟು ಹೊತ್ತು ಕಾದರೂ ಅಷ್ಟೇ. ಆಗ ಪವರ್ ಸಪ್ಲೈ ಸ್ವಿಚ್ ಆರಿಸಿ, ವೈರು ತೆಗೆದು, ಉಳಿದ ವಿದ್ಯುತ್ ಇಳಿಯಲಿ ಎಂದು ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡು ಜೋಡಿಸಬೇಕು. ಅದಕ್ಕೆ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚಬೇಕು. ಸಿಮಾಸ್‌ಗೆ ವಿದ್ಯುತ್ ಕೊಡುವ ಬ್ಯಾಟರಿ ತೆಗೆಯೋಣವೆಂದರೆ ಅದೂ ಕಾರ್ಡಿನ ಅಡಿಯಲ್ಲೇ. ಹತ್ತಾರು ಬಾರಿ ಹೀಗೆ ಬಿಚ್ಚಿ ಜೋಡಿಸಿದ್ದೇನೆ. ಬೋರ್ಡ್ ವಿನ್ಯಾಸ ಮಾಡಿದವರು ಒಮ್ಮೆಯಾದರೂ ಈ ಕೆಲಸವನ್ನು ತಾವೇ ಮಾಡಿ ನೋಡಿದ್ದರೆ ಹಿಂಬದಿಯಲ್ಲಿ ಒಂದು ಬಟನ್ ಇಟ್ಟಿರುತ್ತಿದ್ದರು.

ಫ್ಯಾಬ್ರಿಕ್ 1900ರ ಆಸೆ ಬಿಟ್ಟು ರ‍್ಯಾಮನ್ನು 3733ಕ್ಕೆ ತಂದೆ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದರೂ ಒಂದು ದೋಷವಿಲ್ಲ. ಆದರೆ ಬೆಳಿಗ್ಗೆ ತಣ್ಣಗಿನ ಯಂತ್ರವನ್ನು ಹಚ್ಚಿದರೆ ಬೂಟ್ ಇಲ್ಲ, ರೀಸೆಟ್ ಒತ್ತಿದರೆ ಸರಿ. ಬಹಳ ದಿನ ನನ್ನನ್ನು ಕಾಡಿದ್ದು ಇದೇ. ಆಟೋ ಎಂದು ಬಿಟ್ಟ ಮೌಲ್ಯಗಳನ್ನು ಬೋರ್ಡ್ ಪ್ರತಿ ಸಲ ಹೊಸದಾಗಿ ಆರಿಸಿಕೊಳ್ಳುತ್ತಿತ್ತು. ಒಂದು ಸಲದ ಆಯ್ಕೆ ಚೆನ್ನಾಗಿದ್ದರೆ ಇನ್ನೊಂದು ಸಲದ್ದು ಅಂಚಿನಲ್ಲಿರುತ್ತಿತ್ತು. ಸರಿಯಾಗಿ ಬೂಟ್ ಆದ ದಿನ ಆ ಮೌಲ್ಯಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು, ಅವನ್ನೇ ಕೈಯಾರೆ ತುಂಬಿದೆ. ರ‍್ಯಾಮಿಗೆ 1.38 ವೋಲ್ಟ್, ಎಸ್‌ಒಸಿಗೆ (ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ) 1.1 ವೋಲ್ಟ್ ನಿಗದಿ ಮಾಡಿದೆ. ಅಲ್ಲಿಂದೀಚೆಗೆ ಒಂದು ಬೆಳಿಗ್ಗೆಯೂ ಸತಾಯಿಸಿಲ್ಲ.

ಬಯೋಸ್ ಅಪ್‌ಡೇಟ್‌ಗಳು ಬಿಡದೆ ಬಂದಿವೆ, ಇದು ದೊಡ್ಡ ಗುಣ. ಒಂದು ಅಪ್‌ಡೇಟಿನ ನಂತರ 1900 ಕೂಡ ಬೂಟ್ ಆಯಿತು! ಹಿಗ್ಗಿನಿಂದ ಆಟ ಆಡಿದೆ, ಕೆಲಸ ಮಾಡಿದೆ. ಸಂಜೆ ವಿಂಡೋಸಿನ ಇವೆಂಟ್ ವ್ಯೂವರ್ ತೆರೆದರೆ, ಹಾರ್ಡ್‌ವೇರ್ ದೋಷಗಳನ್ನು ದಾಖಲಿಸುವ ವ್ಹೀಯಾ ಲಾಗರ್‌ನ 19ನೇ ಸಂಖ್ಯೆಯ ಎಚ್ಚರಿಕೆಗಳು ಸಾಲುಗಟ್ಟಿದ್ದವು. ಹೊರಗೆ ಏನೂ ಕಾಣದಿದ್ದರೂ ಒಳಗೆ ತಪ್ಪುಗಳನ್ನು ತಿದ್ದುತ್ತಾ ಓಡುತ್ತಿತ್ತು. ಅಂದೇ 3733ಕ್ಕೆ ಮರಳಿದೆ. ಅದೇ ಅಪ್‌ಡೇಟ್ ನಾನು ಉಳಿಸಿಟ್ಟ ಪ್ರೊಫೈಲ್‌ಗಳನ್ನೆಲ್ಲ ಅಳಿಸಿಹಾಕಿತ್ತು. ಕಾಗದ ಇಲ್ಲದಿದ್ದರೆ ವಾರಗಟ್ಟಲೆ ಪಟ್ಟ ಶ್ರಮ ನೀರುಪಾಲಾಗುತ್ತಿತ್ತು. ಈಗ ಬಯೋಸಿನ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿಟ್ಟಿದ್ದೇನೆ.

ಅಪ್‌ಡೇಟ್ ನಡುವೆ ವಿದ್ಯುತ್ ಹೋದ ಒಂದು ದಿನ ಯಂತ್ರ ಬೂಟ್ ಆಗದಿದ್ದರೂ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಫ್ಲಾಶ್‌ಬ್ಯಾಕ್ ಬಟನ್ ಈ ಬೋರ್ಡನ್ನು ಉಳಿಸಿತು. ಫ್ಯಾಟ್32 ಮಾಡಿದ ಪೆನ್‌ಡ್ರೈವಿನಲ್ಲಿ ಕಂಪನಿ ಸೂಚಿಸಿದ ಹೆಸರಿನಲ್ಲಿ ಫೈಲ್ ಇಟ್ಟು, ನಿಗದಿತ ಪೋರ್ಟಿಗೆ ಚುಚ್ಚಿ ಬಟನ್ ಒತ್ತಿದೆ. ದೀಪ ಮಿನುಗಿ ಮಿನುಗಿ ಆರಿತು, ಯಂತ್ರ ಎದ್ದಿತು. ಈ ಬಟನ್ ಇಲ್ಲದ ಬೋರ್ಡನ್ನು ಓವರ್‌ಕ್ಲಾಕ್ ಮಾಡುವವರು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೆಯ ವರ್ಷ ಮತ್ತೆ ತೊಂದರೆ ಶುರುವಾಯಿತು. ಪ್ಲಗ್ ತೆಗೆದು ಹಾಕಿದಾಗಲೆಲ್ಲ ಸೆಟ್ಟಿಂಗ್ ಮಾಯ, ರ‍್ಯಾಮ್ 2133ಕ್ಕೆ ಇಳಿದಿರುತ್ತಿತ್ತು. ಓವರ್‌ಕ್ಲಾಕ್ ಹಳಸಿತೆಂದು ವೋಲ್ಟೇಜ್ ತಿದ್ದುತ್ತಾ ಕುಳಿತೆ. ಗಡಿಯಾರವೂ ಹಿಂದೆ ಬೀಳುತ್ತಿರುವುದು ಕಣ್ಣಿಗೆ ಬಿದ್ದಾಗ ಕಾರಣ ಹೊಳೆಯಿತು. 3 ವೋಲ್ಟಿನ ಸಿಆರ್2032 ಬ್ಯಾಟರಿ ಅಳೆದರೆ 2.6 ತೋರಿಸಿತು. ಮತ್ತೊಮ್ಮೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಹೊಸದನ್ನು ಹಾಕಿದೆ. ಹಾಗೆ ಬಿಚ್ಚಿದ್ದಾಗಲೇ ಆ ಎರಡು ಪಿನ್‌ಗಳಿಗೆ ಉದ್ದನೆಯ ವೈರಿನ ಸಣ್ಣ ಸ್ವಿಚ್ ಒಂದನ್ನು ಸಿಕ್ಕಿಸಿ ಕ್ಯಾಬಿನೆಟ್ ಹೊರಗೆ ತಂದಿದ್ದೇನೆ.