ಐನ್ಯಾಚುರಲಿಸ್ಟ್ ಆ್ಯಪ್: ಕೆರೆ ದಂಡೆಯ ಡ್ಯಾಮ್ಸೆಲ್‌ಫ್ಲೈ ಗುರುತಿಸಲು ಎಷ್ಟು ನಂಬಬಹುದು?

ತುಮಕೂರು ಅಮಾನಿಕೆರೆಯ ಹುಲ್ಲಿನಲ್ಲಿ ಕೂತ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ತೆಳು ಮೈಯ ಬಂಧು) ಯಾವುದೆಂದು ಕೇಳಿದರೆ, ಫೋಟೊ ನೋಡಿ ಹೆಸರು ಸೂಚಿಸುವ, ಪುಕ್ಕಟೆ ಸಿಗುವ ಈ ಆ್ಯಪ್ ಕುಲದವರೆಗೆ (ಜೀನಸ್) ಸಾಮಾನ್ಯವಾಗಿ ಸರಿಯಾಗಿಯೇ ಮುಟ್ಟಿಸುತ್ತದೆ. ಪ್ರಭೇದ ಗಟ್ಟಿಯಾಗುವುದು ನೀವು ಹಾಕುವ ಫೋಟೊದಿಂದ. ಗುರುತಿಸುವ ಕೆಲಸಕ್ಕೆ 5ರಲ್ಲಿ 3, ದಾಖಲೆ ಇಡುವುದಕ್ಕೆ 4 ಅಂಕ.

ಒಂದೇ ಹುಳದ ಮೂರು ಫೋಟೊ ಒಂದೇ ದಾಖಲೆಯಲ್ಲಿರಲಿ: ಪಕ್ಕದಿಂದ ಪೂರ್ತಿ ಮೈ, ಮೇಲಿನಿಂದ ಎದೆ, ಹತ್ತಿರದಿಂದ ಬಾಲದ ತುದಿ. ಇಶ್ನೂರಾ ಕುಲದ ಗಂಡುಗಳು ಸುಲಭ. ಸೆನೆಗಲೆನ್ಸಿಸ್‌ಗೆ ಬೆನ್ನು ಕಪ್ಪು, ಬಾಲದಂತೆ ಕಾಣುವ ಹೊಟ್ಟೆಯ ಎಂಟನೇ ಖಂಡ ನೀಲಿ. ರುಬಿಲಿಯೊಗೆ ಹೊಟ್ಟೆ ಹಳದಿ, ತುದಿ ನೀಲಿ. ತಲೆ ತಿನ್ನುವುದು ಸೂಡಾಗ್ರಿಯನ್ ಕುಲದ ನೀಲಿ ಹುಳಗಳು. ಮೈಕ್ರೊಸೆಫಾಲಮ್ ಯಾವುದು, ಆಸ್ಟ್ರಲೇಸಿಯೇ ಯಾವುದು ಎನ್ನಲು ಎರಡನೇ ಖಂಡದ ಕಪ್ಪು ಗುರುತು, ಬಾಲತುದಿಯ ಕೊಂಡಿಗಳು ಕಾಣಲೇಬೇಕು. ಹೆಣ್ಣುಗಳ ಪಾಡಂತೂ ಬೇರೆಯೇ: ಅಗ್ರಿಯೊಕ್ನೆಮಿಸ್ ಪಿಗ್ಮಿಯಾದ ಎಳೆ ಹೆಣ್ಣು ಕೆಂಪಗಿದ್ದು, ಬಲಿತಂತೆ ಬಣ್ಣ ಬದಲಿಸುತ್ತದೆ.

ಹಾಗಾಗಿ ಆ್ಯಪ್ ತೋರಿಸಿದ ಮೊದಲ ಹೆಸರನ್ನೇ ಒತ್ತಬೇಡಿ. ಅನುಮಾನವಿದ್ದರೆ ಕುಲಕ್ಕೇ ನಿಲ್ಲಿಸಿ. ದಿನಾಂಕ, ಸ್ಥಳ, ಫೋಟೊ ಇದ್ದು, ಹೆಸರಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ (ಕನಿಷ್ಠ ಇಬ್ಬರು) ಒಂದೇ ಪ್ರಭೇದ ಎಂದರೆ ದಾಖಲೆ 'ರಿಸರ್ಚ್ ಗ್ರೇಡ್' (ಸಂಶೋಧನೆಗೆ ಒಗ್ಗುವ ದರ್ಜೆ) ಆಗುತ್ತದೆ. ಅಂದರೆ ನಿಮ್ಮ ತಪ್ಪಿಗೆ ಇನ್ನೊಬ್ಬರು 'ಹೂಂ' ಅಂದರೂ ಸಾಕು. ದಾಖಲೆಗೆ ನೀವು ಆರಿಸಿದ ಲೈಸೆನ್ಸ್ ಅನುಮತಿಸಿದರೆ ಅದು ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ದತ್ತಾಂಶಕ್ಕೂ ಸೇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಬೇಡ, ಅದರಲ್ಲಿ ಸ್ಥಳ, ಸಮಯ ಅಳಿಸಿರುತ್ತವೆ.

ಸಂರಕ್ಷಣಾ ಸ್ಥಿತಿಯನ್ನು ಪ್ರಭೇದದ ಪುಟದ 'ಸ್ಟೇಟಸ್' ಭಾಗದಲ್ಲಿ ನೋಡಬಹುದು. ಅಲ್ಲಿ 'ಡಿಡಿ' (ಡೇಟಾ ಡಿಫಿಶಿಯೆಂಟ್) ಎಂದಿದ್ದರೆ ಅಪಾಯವಿಲ್ಲವೆಂದಲ್ಲ, ತೀರ್ಮಾನಿಸುವಷ್ಟು ಮಾಹಿತಿ ಇಲ್ಲ ಎಂದು. ಹೆಸರು ಬದಲಾದ ಕಡೆ ಇನ್ನೂ ಎಚ್ಚರ ಬೇಕು. ನಮ್ಮ ರುಬಿಲಿಯೊ ಹಳೆಯ ಪಟ್ಟಿಗಳಲ್ಲಿ ಇಶ್ನೂರಾ ಅರೋರಾ. ಆಸ್ಟ್ರೇಲಿಯಾದಲ್ಲೂ ಇರುವ ಅರೋರಾಕ್ಕೆ ಕೊಟ್ಟ ದರ್ಜೆಯನ್ನು ಇದಕ್ಕೆ ಹಚ್ಚಲಾಗದು. ಎರಡೂ ಹೆಸರಲ್ಲಿ ಹುಡುಕಿ.

ಅಪಾಯದಲ್ಲಿರುವ ಪ್ರಭೇದವಾದರೆ ಆ್ಯಪ್ ತಾನೇ ಸ್ಥಳ ಮರೆಮಾಡುತ್ತದೆ: 0.2 ಡಿಗ್ರಿಯ, ಅಂದರೆ ಸುಮಾರು 22 ಕಿ.ಮೀ. ಚೌಕದೊಳಗೆ ಎಲ್ಲೋ ಒಂದು ಚುಕ್ಕೆ. ದೇವರಾಯನದುರ್ಗದ ತೊರೆಯಲ್ಲಿ ತೆಗೆದದ್ದು ಯಾವುದೋ ಬಯಲಲ್ಲಿ ಕಾಣಬಹುದು. ಒಂದೇ ಕೆರೆಯ ಹುಳಗಳನ್ನು ವರ್ಷವರ್ಷ ಎಣಿಸುವವರು ನಿಖರ ಜಾಗವನ್ನು ತಮ್ಮ ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಳ್ಳಬೇಕು.