ಸೈಟ್ ಒಂದು ನಿಮಿಷವೂ ನಿಲ್ಲಲಿಲ್ಲ, ಎಡವಟ್ಟಾಗಿದ್ದೇ ಅದರಿಂದ

ತಿಂಗಳ ಕೊನೆಗೆ ಹಳೇ ಐಪಿಗಳು (ಸರ್ವರ್‌ಗಳ ಅಂಕಿ ವಿಳಾಸ) ಹೋಗುತ್ತವೆ, ಹೊಸ ಸರ್ವರ್‌ಗೆ ಬನ್ನಿ ಅಂತ ಹೋಸ್ಟಿಂಗ್‌ನವರ ಮೇಲ್ ಬಂತು. ಸ್ನೇಹಿತನ ಹಪ್ಪಳ-ಉಪ್ಪಿನಕಾಯಿ ಅಂಗಡಿಯ ಸೈಟ್ ಅದು, ನೋಡಿಕೊಳ್ಳುವವನು ನಾನು. "ಒಂದು ನಿಮಿಷವೂ ಬಂದ್ ಆಗಲ್ಲ ಬಿಡು" ಎಂದು ಜಂಬ ಕೊಚ್ಚಿದ್ದೆ. ಮಾತೇನೋ ಉಳಿಸಿಕೊಂಡೆ.

ಶನಿವಾರ ರಾತ್ರಿ ಹತ್ತಕ್ಕೆ ಡೇಟಾಬೇಸ್ ಡಂಪ್ (ಪೂರಾ ನಕಲು) ತೆಗೆದು ಹೊಸ ಸರ್ವರ್‌ಗೆ ಹಾಕಿದೆ. ಸೈಟ್ ಹೆಸರಿಗೆ ಐಪಿ ಹೇಳುವ ಡಿಎನ್‌ಎಸ್‌ನಲ್ಲಿ ಟಿಟಿಎಲ್ (ಆ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನೋ ಅಂಕಿ) 86400 ಇತ್ತು, 300ಕ್ಕೆ ಇಳಿಸಿದೆ. ಅರ್ಧ ಗಂಟೆ ಬಿಟ್ಟು ಅಲ್ಲಿ ಐಪಿ ಬರೆದಿರುವ ಎ ರೆಕಾರ್ಡ್ ಬದಲಿಸಿದೆ. ಐದು ನಿಮಿಷಕ್ಕೆ ಎಲ್ಲರೂ ಹೊಸ ಕಡೆ ಬರುತ್ತಾರೆ ಅನ್ನೋದು ನನ್ನ ಲೆಕ್ಕ. ಆದರೆ 86400 ಸೆಕೆಂಡ್ ಅಂದರೆ ಪೂರಾ 24 ಗಂಟೆ. ನಾನು ಇಳಿಸುವ ಮೊದಲೇ ಹಳೇ ಉತ್ತರ ಇಟ್ಟುಕೊಂಡಿದ್ದ ರಿಸಾಲ್ವರ್‌ಗಳಿಗೆ (ಜನರ ಪರವಾಗಿ ಡಿಎನ್‌ಎಸ್ ಕೇಳಿ ಹೇಳುವ ಸರ್ವರ್‌ಗಳು) 300ರ ಸುದ್ದಿಯೇ ಇಲ್ಲ. ತಮ್ಮ ಅವಧಿ ಮುಗಿಯುವ ತನಕ ಹಳೇ ಐಪಿಯನ್ನೇ ಕೊಡುತ್ತಿರುತ್ತವೆ. ಟಿಟಿಎಲ್ ಇಳಿಸಬೇಕಾದ್ದು ಎರಡು ದಿನ ಮೊದಲು. ನನಗಿದು ಗೊತ್ತಿತ್ತು, ಹೊಟ್ಟೆ ಉರಿಯುವುದೇ ಅದಕ್ಕೆ.

ಹಳೇ ಸರ್ವರ್ ಹೇಗೂ ಓಡ್ತಿದೆಯಲ್ಲ ಎಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡೂ ಸರ್ವರ್ ಆರ್ಡರ್ ತೆಗೆದುಕೊಂಡು ಕೂತಿವೆ, ತಂತಮ್ಮ ಡೇಟಾಬೇಸಿನಲ್ಲಿ, ಒಂದೇ ನಂಬರಿನಿಂದ ಶುರು ಮಾಡಿ. ಹಳೇ ಕಡೆ 4127 ಶಿವಮೊಗ್ಗದವರದು, ಹೊಸ ಕಡೆ 4127 ಮಂಗಳೂರಿನವರದು. ಶಿವಮೊಗ್ಗದವರು ದುಡ್ಡು ಕಟ್ಟಿದರು. ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ (ದುಡ್ಡು ಬಂತು ಅಂತ ಸೈಟ್‌ಗೆ ತಾನಾಗಿಯೇ ಕಳಿಸುವ ಸಂದೇಶ) ಹೋಗಿದ್ದು ಹೊಸ ಐಪಿಗೆ. ಅರ್ಧಕ್ಕೇ ಬಿಟ್ಟು ಹೋಗಿದ್ದ ಮಂಗಳೂರಿನವರ ಆರ್ಡರ್ ಮೇಲೆ 'ಪೇಯ್ಡ್' ಬಿತ್ತು! (ಮೊತ್ತ ತಾಳೆ ನೋಡದ ಕೋಡ್ ಬರೆದ ಪುಣ್ಯಾತ್ಮನೂ ನಾನೇ.) ಇಂಥವು 11. ಬಿಡಿಸಲು ಎರಡು ದಿನ ಹಿಡಿಯಿತು.

ಭಾನುವಾರ ರಾತ್ರಿ 24 ಗಂಟೆ ಮುಗಿದರೂ ಹಳೇ ಕಡೆ ಜನ ಬರುತ್ತಲೇ ಇದ್ದರು. ಅದರ ಲಾಗ್ (ಬಂದವರ ದಾಖಲೆ) ತೆರೆದರೆ ಎಲ್ಲವೂ ಉದ್ದುದ್ದ ಐಪಿವಿ6 ವಿಳಾಸ. ಎ ರೆಕಾರ್ಡ್ ಬರೀ ಹಳೇ ಬಗೆಯ ಐಪಿವಿ4 ವಿಳಾಸಕ್ಕೆ, ಐಪಿವಿ6ಗೆ ಬೇರೆಯೇ ಇರುವ ಎಎಎಎ ರೆಕಾರ್ಡ್ ಮುಟ್ಟಿರಲೇ ಇಲ್ಲ. ಜಿಯೋ ಸಿಮ್ ಇರುವ ಫೋನುಗಳು ಹೆಚ್ಚಾಗಿ ಹೋಗುವುದೇ ಆ ದಾರಿಯಲ್ಲಿ. ನನ್ನ ಮನೆಯ ಬ್ರಾಡ್‌ಬ್ಯಾಂಡ್ ಬರೀ ಐಪಿವಿ4, ಹಾಗಾಗಿ ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು.

ನೀವು ಏನೇ ಮಾಡಿ, ಬರೆಯುವ ಡೇಟಾಬೇಸ್ ಎರಡು ಇರಲು ಬಿಡಬೇಡಿ. ಹೊಸ ಸರ್ವರನ್ನು ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್ ಕೇಳುವ ಮೊದಲು ಲ್ಯಾಪ್‌ಟಾಪ್ ನೋಡುವ ಹೆಸರು-ಐಪಿ ಪಟ್ಟಿ) ಐಪಿ ಹಾಕಿ ಮೊದಲೇ ನೋಡಿ. ಬದಲಿಸುವ ಹೊತ್ತಿಗೆ ಹಳೇ ಡೇಟಾಬೇಸಿಗೆ ಬರೆಯುವುದನ್ನು ನಿಲ್ಲಿಸಿ, ಕೊನೆಯ ಡಂಪ್ ಒಯ್ದು, ಹಳೇ ಸರ್ವರ್‌ನ ಎಂಜಿನ್‌ಎಕ್ಸ್‌ನಲ್ಲಿ (ಸೈಟ್ ಕೊಡುವ ವೆಬ್ ಸರ್ವರ್ ತಂತ್ರಾಂಶ) ಪ್ರಾಕ್ಸಿ ಪಾಸ್ ಹಾಕಿ ಬಂದವರನ್ನೆಲ್ಲ ಹೊಸ ಕಡೆ ದಾಟಿಸಿ. ಆ ಡಂಪ್‌ಗೆ ಹತ್ತು ನಿಮಿಷ ಸೈಟ್ ನಿಂತರೆ ನಿಲ್ಲಲಿ ಬಿಡಿ. ಎಸ್‌ಪಿಎಫ್‌ನಲ್ಲಿ (ಸೈಟ್ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಹಳೇ ಐಪಿ ಇದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಆರ್ಡರ್ ಮೇಲ್‌ಗಳು ಸ್ಪ್ಯಾಮ್‌ಗೆ ಬೀಳಬಹುದು.

ಹಳೇ ಸರ್ವರ್ ಆರಿಸುವ ಮುಂಚೆ ಅದರ ಲಾಗ್ ಇನ್ನೊಮ್ಮೆ ನೋಡಿ. ನಮ್ಮಲ್ಲಿ ಒಂಬತ್ತನೇ ದಿನವೂ ಕೊರಿಯರ್‌ನವರ ಸ್ಕ್ರಿಪ್ಟ್ ಅಲ್ಲಿಗೇ ಬಂದು ಬಾಗಿಲು ಬಡಿಯುತ್ತಿತ್ತು. ಕೇಳಿದರೆ, ಎರಡು ವರ್ಷದ ಹಿಂದೆ ಆ ಐಪಿ ಬರೆಸಿದವನು ನಾನೇ ಅಂತೆ.